ಕಡಲ ನೀರಿನ ಉಪ್ಪು ಅಳೆಯೋಕೆ ಒಂದು ಬಾಟಲಿ, ಅಡುಗೆಮನೆ ತೂಕದ ಮೆಷಿನ್ ಸಾಕು

ಕಳೆದ ಜುಲೈಯಲ್ಲಿ ಅಕ್ಕನ ಮಗ ಒಂದು ಬಾಟಲಿ ನೀರು ಹಿಡಿದುಕೊಂಡು ಮನೆಗೆ ಬಂದ. ಎಂಟನೇ ಕ್ಲಾಸು. "ಮಾಮ, ಪ್ರಾಜೆಕ್ಟಿಗೆ ಸಮುದ್ರದ ನೀರಲ್ಲಿ ಉಪ್ಪೆಷ್ಟು ಅಂತ ಅಳೀಬೇಕು." ಪುಸ್ತಕದಲ್ಲಿ 1 ಕೆಜಿ ನೀರಿಗೆ ಸುಮಾರು 35 ಗ್ರಾಂ ಅಂತ ಇರುತ್ತದೆ. ನಾವು ಕುದಿಸಿ ಬತ್ತಿಸಿದೆವು. ಸಿಕ್ಕಿದ್ದು ಬರೀ 9 ಗ್ರಾಂ. ಮೆಷಿನ್‌ಗೆ ಬೈದೆ. ಆಮೇಲೆ ತಲೆಗೆ ಹೊಳೆದು ಕೇಳಿದೆ, "ನೀರು ಎಲ್ಲಿಂದ ತಂದದ್ದು ಮಾರಾಯ?" ಕೋಡಿಬೆಂಗ್ರೆಯಿಂದ, ಅದೂ ಹೊಳೆ ಬದಿಯಿಂದ! ಸ್ವರ್ಣಾ, ಸೀತಾ ಎರಡೂ ಕಡಲು ಸೇರುವ ಅಳಿವೆ ಅದು. ಮಳೆಗಾಲದಲ್ಲಿ ಅಲ್ಲಿ ಇರೋದು ಮುಕ್ಕಾಲು ಪಾಲು ಘಟ್ಟದ ಮಳೆನೀರು.

ಹಾಗಾಗಿ ಮೊದಲ ಕೆಲಸ ನೀರು ತರೋದು. ಇದರಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ದಂಡ. ಅಳಿವೆಯಿಂದ ದೂರ, ಕಡಲ ಬದಿಯಲ್ಲಿ, ಉಬ್ಬರದ ಹೊತ್ತಿಗೆ ತೆಗೆಯಿರಿ. ಏಪ್ರಿಲ್, ಮೇ ಒಳ್ಳೆಯ ತಿಂಗಳು. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬೇಡಿ, ಪ್ರಾಜೆಕ್ಟು ಕಾಯುತ್ತದೆ. ಬಾಟಲಿಯನ್ನು ಅದೇ ಕಡಲ ನೀರಲ್ಲಿ ಎರಡು ಸಲ ತೊಳೆದು ತುಂಬಿಸಿ. ಮನೆಯಲ್ಲಿ ಒಂದು ರಾತ್ರಿ ಇಟ್ಟರೆ ಮರಳು ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಹಳೇ ಬೈರಾಸಿನಲ್ಲಿ ಸೋಸಿ.

ಈಗ ತೂಗೋದು. ಕುದಿಸೋದಕ್ಕಿಂತ ಇದೇ ನಂಬಿಕಸ್ಥ ದಾರಿ ಅಂತ ನನ್ನ ಅಭಿಪ್ರಾಯ. 1 ಲೀಟರಿನ ಗಾಜಿನ ಬಾಟಲಿ ಬೇಕು. ಪ್ಲಾಸ್ಟಿಕ್ ಬೇಡ, ಕೈಯಲ್ಲಿ ಹಿಡಿದರೇ ಬಾಟಲಿಯ ಹೊಟ್ಟೆ ತಗ್ಗುತ್ತದೆ. ಬಾವಿ ನೀರನ್ನು ಬಾಯಿಮಟ್ಟ ತುಂಬಿಸಿ, ಹೊರಗೆ ಒರೆಸಿ, ತೂಗಿ. ಅದನ್ನು ಚೆಲ್ಲಿ, ಕಡಲ ನೀರನ್ನು ಅಷ್ಟೇ ಮಟ್ಟಕ್ಕೆ ತುಂಬಿಸಿ ತೂಗಿ. ಎರಡರ ವ್ಯತ್ಯಾಸವನ್ನು 4ರಿಂದ ಗುಣಿಸಿ 3ರಿಂದ ಭಾಗಿಸಿ. ಮೇ ತಿಂಗಳಲ್ಲಿ ಮಲ್ಪೆ ನೀರಿಗೆ ನನಗೆ 26 ಗ್ರಾಂ ವ್ಯತ್ಯಾಸ ಬಂತು. ಅಂದರೆ 1 ಕೆಜಿಗೆ 35 ಗ್ರಾಂ ಹತ್ತಿರ ಉಪ್ಪು. 750 ಮಿಲಿ ಬಾಟಲಿ ಆದರೆ ವ್ಯತ್ಯಾಸವನ್ನು ಮೊದಲು 0.75ರಿಂದ ಭಾಗಿಸಿಕೊಳ್ಳಿ. ಮೆಷಿನ್ 1 ಗ್ರಾಂ ಆಚೀಚೆ ತೋರಿಸಿದರೆ ಉತ್ತರವೂ ಸುಮಾರು 1.3 ಗ್ರಾಂನಷ್ಟು ಆಚೀಚೆ ಆಗುತ್ತದೆ, ಅಷ್ಟೇ.

ಒಂದು ಎಚ್ಚರ. ಎರಡೂ ನೀರು ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದಿರಬೇಕು. 5 ಡಿಗ್ರಿ ಬಿಸಿ ಹೆಚ್ಚಾದರೆ ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಹಗುರ ಆಗುತ್ತದೆ. ಕಡಲ ನೀರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ತೂಗಿದರೆ ಉಪ್ಪು ಸುಮ್ನೆ ಜಾಸ್ತಿ ಕಾಣುತ್ತದೆ.

ಬರೀ ತೂಕ ನೋಡಿ ಉಪ್ಪು ಹೇಳೋಕೆ ಆಗೋದು ಹೇಗೆ? 1872ರಿಂದ 1876ರವರೆಗೆ ಚಾಲೆಂಜರ್ ಅನ್ನೋ ಹಡಗು ಲೋಕದ ಕಡಲೆಲ್ಲ ಸುತ್ತಿ ನೀರು ತಂದಿತ್ತು. ಅದರಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಅನ್ನೋ ರಸಾಯನ ವಿಜ್ಞಾನಿ ಪರೀಕ್ಷೆ ಮಾಡಿ 1884ರಲ್ಲಿ ಪ್ರಕಟಿಸಿದ. ಉಪ್ಪು ಹೆಚ್ಚಿರಲಿ, ಕಡಿಮೆ ಇರಲಿ, ಅದರೊಳಗೆ ಯಾವ ಅಂಶ ಎಷ್ಟು ಪಾಲು ಅನ್ನೋದು ಮಾತ್ರ ಎಲ್ಲ ಕಡಲಲ್ಲೂ ಹೆಚ್ಚುಕಡಿಮೆ ಒಂದೇ. ಕ್ಲೋರೈಡ್ 55%, ಸೋಡಿಯಂ 30% ಚಿಲ್ಲರೆ. ಉಳಿದದ್ದು ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಇತ್ಯಾದಿ. ಒಂದನ್ನು ಅಳೆದರೆ ಉಳಿದದ್ದು ತಾನೇ ಗೊತ್ತಾಗುತ್ತದೆ. ಹಾಗಾಗಿಯೇ ಇಷ್ಟು ಭಾರ ಹೆಚ್ಚಿದರೆ ಇಷ್ಟು ಉಪ್ಪು ಅಂತ ಲೆಕ್ಕ ಹಾಕಬಹುದು.

ಮೊಟ್ಟೆ ಪ್ರಯೋಗ ಎಲ್ಲರಿಗೂ ಗೊತ್ತು, ಉಪ್ಪು ನೀರಲ್ಲಿ ಮೊಟ್ಟೆ ತೇಲುತ್ತದೆ ಅಂತ, ಅಲ್ವಾ? ಮಲ್ಪೆ ನೀರಲ್ಲಿ ಹಾಕಿದೆವು. ಠಣ್ ಅಂತ ತಳ ಸೇರಿತು. ಹುಡುಗನ ಮುಖ ಸಣ್ಣದಾಯಿತು. ತಾಜಾ ಮೊಟ್ಟೆ ಕಡಲ ನೀರಿಗಿಂತ ಭಾರ. 1 ಲೀಟರನ್ನು ಕಾಲು ಲೀಟರಿಗೆ ಬತ್ತಿಸಿ, ಪೂರ್ತಿ ತಣಿಸಿ ಹಾಕಿದ ಮೇಲೆ ತೇಲಿತು.

ಕುದಿಸಿಯೇ ನೋಡಬೇಕು ಅನ್ನುವವರು 1 ಲೀಟರ್ ನೀರಿಗೆ ಸ್ಟೀಲ್ ಪಾತ್ರೆ ಬಳಸಿ. ಅಲ್ಯೂಮಿನಿಯಂ ಬೇಡ, ತೂತು ಬೀಳುತ್ತದೆ. ಅರ್ಧಕ್ಕೆ ಇಳಿಯುವಾಗ ನೀರು ಮಬ್ಬಾಗುತ್ತದೆ, ಅದು ಸುಣ್ಣದ ಅಂಶ. ಇನ್ನೂ ಬತ್ತಿದರೆ ಜಿಪ್ಸಮ್ ಕೂರುತ್ತದೆ. ಸುಮಾರು 150 ಮಿಲಿ ಉಳಿದಾಗ ಸೋಸಿ, ಮತ್ತೆ ಸಣ್ಣ ಉರಿಯಲ್ಲಿಡಿ. ಹತ್ತರಲ್ಲಿ ಒಂದು ಪಾಲಿಗೆ ಬಂದಾಗ ನಿಜವಾದ ಉಪ್ಪು ಹರಳುಗಟ್ಟೋಕೆ ಶುರು. ಕೊನೆಗೆ ಚಟಪಟ ಸಿಡಿಯುತ್ತದೆ, ಮುಖ ಹತ್ತಿರ ಒಯ್ಯಬೇಡಿ.

ಸೋಸದೆ ಪೂರ್ತಿ ಬತ್ತಿಸಿ ತೂಗಿದಾಗ ನನಗೆ 41 ಗ್ರಾಂ ಬಂತು. ಕಣ್ಣಿಗೆ ಒಣಗಿದ ಹಾಗೆ ಕಂಡರೂ ಮೆಗ್ನೀಷಿಯಂ ಉಪ್ಪು ನೀರನ್ನು ಬಿಡುವುದಿಲ್ಲ. ಬಟ್ಟಲನ್ನು ಮೇಜಿನ ಮೇಲೆ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಉಪ್ಪಿನ ಸುತ್ತ ನೀರು ನಿಂತಿತ್ತು. ನಮ್ಮ ಊರಿನ ಗಾಳಿಯಲ್ಲಿ ಇನ್ನೇನಾಗುತ್ತದೆ! ತಿನ್ನುವ ಉಪ್ಪು ಕಹಿಯಾಗಬಾರದು ಅಂದರೆ ಪೂರ್ತಿ ಒಣಗಿಸದೆ ಕೊನೆಯ ಎರಡು ಚಮಚ ನೀರು ಬಸಿದುಬಿಡಬೇಕು. ಉಪ್ಪಿನ ಆಗರಗಳಲ್ಲೂ ಹಾಗೇ ಕಹಿನೀರನ್ನು ಬೇರೆ ಮಾಡುತ್ತಾರೆ. ನಾನು ಅದನ್ನು ಸಿಂಕಿಗೆ ಚೆಲ್ಲೋಕೆ ಹೋದೆ. ಅಮ್ಮ ಬಟ್ಟಲು ಕಿತ್ತುಕೊಂಡು ತೆಂಗಿನ ಬುಡಕ್ಕೆ ಸುರಿದು ಬಂದಳು.