ಬ್ರೇಕ್ ಶಿಫ್ಟಿನಲ್ಲಿ ಲಿನೋ ಕೆತ್ತಿದ ನನ್ನ ಅನುಭವ

ಹೋಟೆಲ್ ಕೆಲಸದಲ್ಲಿರುವವರಿಗೆ ಬ್ರೇಕ್ ಶಿಫ್ಟ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಬೆಳಿಗ್ಗೆ 7ಕ್ಕೆ ತಿಂಡಿಯ ಬಫೆ, 11.30ಕ್ಕೆ ಬಿಡುಗಡೆ, ಮತ್ತೆ ಸಂಜೆ 6.30ರಿಂದ ಕೊನೆಯ ಟೇಬಲ್ ಏಳುವವರೆಗೆ. ಎಲ್ಲರೂ ತಪ್ಪಿಸಿಕೊಳ್ಳುವ ಡ್ಯೂಟಿ. ಚಿಕ್ಕಮಗಳೂರಿನ ನಮ್ಮ ರೆಸಾರ್ಟಿನಲ್ಲಿ ನಾನು ಅದನ್ನೇ ವರ್ಷಪೂರ್ತಿ ಕೊಡಿ ಎಂದು ಮ್ಯಾನೇಜರ್ ಹತ್ತಿರ ಕೇಳಿದೆ. "ತಲೆ ಕೆಟ್ಟಿದ್ಯಾ ಮಾರಾಯ, ಕೇಳಿ ತಗೊಳ್ತಾರಾ ಇದನ್ನ?" ಎಂದರು ಶೆಫ್. ಅದಾಗಿ ಮೂರು ವರ್ಷ. ಈಗ ನಮ್ಮ 14 ಕಾಟೇಜುಗಳ ಗೋಡೆಯಲ್ಲೂ ನಾನೇ ಕೆತ್ತಿ ಅಚ್ಚು ಹಾಕಿದ ಲಿನೋ ಚಿತ್ರಗಳಿವೆ. ಶೆಫ್ ತಮ್ಮ ಮನೆಗೂ ಒಂದು ಒಯ್ದಿದ್ದಾರೆ, ದುಡ್ಡು ಕೊಟ್ಟು. ಲಿನೋ ಅಂದರೆ ಲಿನೋಲಿಯಂ ಎಂಬ ಮೆತ್ತನೆಯ ಹಾಳೆ. ಅದರ ತುಂಡೊಂದನ್ನು, ಅಂದರೆ ಬ್ಲಾಕನ್ನು, ಉಳಿಯಿಂದ ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿದರೆ ಅಚ್ಚು.

ಇಲ್ಲಿಗೆ ಬರುವ ಮೊದಲು ಮೂರು ದಾರಿ ಹಿಡಿದು ಮೂರರಲ್ಲೂ ಸೋತಿದ್ದೆ.

ಮೊದಲು ವಾರದ ರಜೆ. ನನ್ನ ರಜೆ ಮಂಗಳವಾರ. ಬಟ್ಟೆ ಒಗೆಯುವುದು, ನಿದ್ದೆ, ಊರಿಗೆ ಹೋಗಿ ಅಮ್ಮನನ್ನು ನೋಡಿ ಬರುವುದು. ಸಂಜೆ ಉಳಿ ಹಿಡಿದರೆ ಕೈ ಕೂರುವುದೇ ಇಲ್ಲ. ವಾರಕ್ಕೊಮ್ಮೆ ಮುಟ್ಟಿದರೆ ಹಿಂದಿನ ವಾರ ಎಲ್ಲಿ ನಿಲ್ಲಿಸಿದ್ದೆ ಅನ್ನುವುದೇ ಮರೆತಿರುತ್ತಿತ್ತು. ವರ್ಷಕ್ಕೆ ಮೂರು ಬ್ಲಾಕ್ ಮುಗಿದವು.

ಆಮೇಲೆ ರಾತ್ರಿ. ಡಿನ್ನರ್ ಮುಗಿಸಿ 11.30ಕ್ಕೆ ಕೂರುತ್ತಿದ್ದೆ. ಹತ್ತು ಗಂಟೆ ನಿಂತ ಕಾಲು, ತೂಗುವ ಕಣ್ಣು. ಒಂದು ರಾತ್ರಿ ವಿ ಆಕಾರದ ಮೊನೆಯ ಉಳಿ ಜಾರಿ ಎಡ ಅಂಗೈಗೆ ಹೊಕ್ಕಿತು. ನಾಲ್ಕು ಹೊಲಿಗೆ. ಕೈಗೆ ಪಟ್ಟಿ ಕಟ್ಟಿಕೊಂಡು ಅತಿಥಿಗೆ ಬಡಿಸಲು ಆಗುತ್ತದೆಯೇ? ಎಂಟು ದಿನ ಸಂಬಳ ಹೋಯಿತು, ಸುಮಾರು ಐದು ಸಾವಿರ. ಆವತ್ತಿನಿಂದ ಒಂದು ನಿಯಮ: ರಾತ್ರಿ ಡ್ಯೂಟಿ ಮುಗಿದ ಮೇಲೆ ಉಳಿ ಮುಟ್ಟುವುದಿಲ್ಲ.

ಮೂರನೆಯದು ದೊಡ್ಡ ಪೆಟ್ಟು. ಕೆಲಸವನ್ನೇ ಬಿಟ್ಟೆ. ಕೂಡಿಟ್ಟ ಅರವತ್ತು ಸಾವಿರ ನಾಲ್ಕೇ ತಿಂಗಳಿಗೆ ಕರಗಿತು. ಇಡೀ ದಿನ ಕೈಯಲ್ಲಿತ್ತು, ಆದರೆ ಬಾಡಿಗೆಯ ಯೋಚನೆಯಲ್ಲಿ ಗೆರೆ ಎಳೆಯಲೂ ಆಗಲಿಲ್ಲ. ಎರಡು ಬ್ಲಾಕ್ ಮಾಡಿದೆ, ಎರಡೂ ಚೆನ್ನಾಗಿರಲಿಲ್ಲ. ಮತ್ತೆ ಕೆಲಸಕ್ಕೆ ಸೇರುವಾಗ ಸಂಬಳ ಹಿಂದಿನದಕ್ಕಿಂತ ಎರಡು ಸಾವಿರ ಕಡಿಮೆ.

ಬ್ರೇಕ್ ಶಿಫ್ಟ್ ಕೇಳಿದ್ದು ಆಗಲೇ. 11.30ಕ್ಕೆ ರೂಮಿಗೆ ಬಂದು ಊಟ, ಒಂದು ಗಂಟೆ ನಿದ್ದೆ. 2ರಿಂದ 3.30ರವರೆಗೆ ಕೆತ್ತನೆ, ಅಷ್ಟೇ. ಚೆನ್ನಾಗಿ ಸಾಗುತ್ತಿದ್ದರೂ ನಿಲ್ಲಿಸುತ್ತೇನೆ. ಹಗಲು ಬೆಳಕು, ಚುರುಕು ಕೈ. ಮಂಚದ ಕೆಳಗೆ ಎರಡಡಿ ಹಲಗೆ, ಅದರ ಮೇಲೆ ಬ್ಲಾಕ್, ಮುಗಿದ ಮೇಲೆ ಒಳಗೆ ತಳ್ಳುವುದು. ದಿನಕ್ಕೆ ಒಂದೂವರೆ ಗಂಟೆ ಸಾಲುವುದಿಲ್ಲ ಅನ್ನುವವರು ಒಂದು ತಿಂಗಳು ಮಾಡಿ ನೋಡಿ. ಮೊದಲ ವರ್ಷವೇ ಹನ್ನೊಂದು ಬ್ಲಾಕ್ ಮುಗಿಸಿದೆ.

ಆದರೆ ಗಂಟೆ ಹೊಂದಿಸಿದರೆ ಸಾಲದು, ತಿಂಗಳುಗಳನ್ನೂ ಹೊಂದಿಸಬೇಕು. ಇದನ್ನು ಕಲಿಯಲು ಒಂದು ಮಳೆಗಾಲ ಹಾಳಾಯಿತು. ಜುಲೈಯಲ್ಲಿ ವಾರದ ದಿನ ಅತಿಥಿಗಳು ಕಡಿಮೆ, ಸಮಯ ಜಾಸ್ತಿ. ಅಚ್ಚು ಹಾಕೋಣ ಅಂತ ಹೊರಟೆ. ಆಫ್‌ಸೆಟ್ ಪ್ರೆಸ್ಸಿನಿಂದ ತಂದ ಕಪ್ಪು ಶಾಯಿ, ಒಳ್ಳೆಯ ಕಾಗದ, 30 ಹಾಳೆ. ನಮ್ಮ ಮಳೆ ಗೊತ್ತಲ್ವಾ, ಗೋಡೆಯೇ ಬೆವರುತ್ತದೆ. ಮೂರು ವಾರವಾದರೂ ಶಾಯಿ ಬೆರಳಿಗೆ ಅಂಟುತ್ತಿತ್ತು. ಒಣಗಿದೆ ಎಂದುಕೊಂಡು ಒಂದರ ಮೇಲೊಂದು ಇಟ್ಟೆ. ಎಲ್ಲಾ ಅಂಟಿಕೊಂಡವು, ಅಂಚಿಗೆ ಬೂಸು ಬಂತು. ಸುಮಾರು ಎರಡೂವರೆ ಸಾವಿರದ ಕಾಗದ ಒಲೆಗೆ.

ಈಗ ಮಳೆಗಾಲದಲ್ಲಿ ಬರೀ ಚಿತ್ರ ಬರೆಯುವುದು, ಬ್ಲಾಕಿಗೆ ಇಳಿಸುವುದು. ಅಕ್ಟೋಬರ್‌ನಿಂದ ಜನವರಿ ನಮಗೆ ಸೀಸನ್, ತಲೆ ಬೇರೆಯದಕ್ಕೆ ಬಿಡುವಾಗುವುದಿಲ್ಲ. ಆಗ ಕೆತ್ತನೆ. ಎಲ್ಲಿ ಬೇಕಾದರೂ ನಿಲ್ಲಿಸಿ ನಾಳೆ ಅಲ್ಲಿಂದಲೇ ಹಿಡಿಯಬಹುದು. ಫೆಬ್ರವರಿ, ಮಾರ್ಚ್ ಮಕ್ಕಳ ಪರೀಕ್ಷೆ, ರೂಮು ಖಾಲಿ, ಗಾಳಿಯೂ ಒಣ. ವರ್ಷದ ಅಚ್ಚೆಲ್ಲಾ ಆ ಎರಡು ತಿಂಗಳಲ್ಲೇ. ಐದಾರು ದಿನಕ್ಕೆ ಒಣಗುತ್ತದೆ.

ಡಿಸೆಂಬರ್ ಚಳಿಗೆ ಲಿನೋ ಕಲ್ಲಾಗುತ್ತದೆ. ಬಿಸಿನೀರಿನ ಬಾಟಲಿಯನ್ನು ಹತ್ತು ನಿಮಿಷ ಅದರ ಮೇಲಿಟ್ಟರೆ ಬೆಣ್ಣೆಯಂತೆ ಕೆತ್ತಬಹುದು. ಅಚ್ಚು ಒತ್ತಲು ಪ್ರೆಸ್ ಇಲ್ಲ. ಕಾಗದದ ಮೇಲೆ ಉಜ್ಜಲು ನಾವು ದಿನಾ ಹಿಡಿಯುವ ಸರ್ವಿಸ್ ಸ್ಪೂನಿನ ಬೆನ್ನೇ ಸಾಕು. ಉಪಕರಣ ತೊಳೆಯಲು ಮೊದಲು ಸೀಮೆಎಣ್ಣೆ ಬಳಸುತ್ತಿದ್ದೆ. ಒಮ್ಮೆ ಅಕ್ಕಿರೊಟ್ಟಿ ಬಡಿಸುವಾಗ ಅತಿಥಿಯೊಬ್ಬರು "ಏನೋ ಸೀಮೆಎಣ್ಣೆ ವಾಸನೆ" ಎಂದರು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಅಂದಿನಿಂದ ಅಡುಗೆ ಎಣ್ಣೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆಯುತ್ತೇನೆ. ಶಾಯಿ ಪೂರ್ತಿ ಹೋಗುತ್ತದೆ. ಶಾಯಿ ಗಟ್ಟಿಯಾಗಲು ಕಿಚನ್ನಿನ ಒಂದು ಪುಡಿ ಸೇರಿಸುತ್ತೇನೆ. ಯಾವುದು, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಮೂರು ಬಣ್ಣ ಗೆರೆ ತಪ್ಪದೆ ಕೂರಿಸುವುದನ್ನೂ ಈಗಲೇ ಹೇಳಲಾರೆ.

ನಡುವೆ ಕಾಫಿಯ ಹುಚ್ಚೂ ಹಿಡಿದಿತ್ತು. ಕಾಗದಕ್ಕೆ ಡಿಕಾಕ್ಷನ್ ಬಳಿದು ಅದರ ಮೇಲೆ ಅಚ್ಚು. ರೋಬಸ್ಟಾ ಗಾಢ ಕಂದು ಕೊಟ್ಟಿತು, ಅರೇಬಿಕಾ ತೆಳು. ಚಿಕೋರಿ ಬೆರೆಸಿದ್ದು ಮಾತ್ರ ಅಂಟಂಟಾಗಿ ಇರುವೆ ಹತ್ತಿತು. ಎಸ್ಟೇಟಿನಲ್ಲಿ ಸಿಕ್ಕ ಸಿಲ್ವರ್ ಓಕ್ ಹಲಗೆಯನ್ನೂ ಕೆತ್ತಿ ನೋಡಿದೆ. ಅಡ್ಡಕ್ಕೆ ಉಳಿ ಹೋದರೆ ಸಿಗಿದು ಬರುತ್ತದೆ. ಆದರೂ ಅದರ ನಾರಿನ ಗುರುತು ಆಕಾಶಕ್ಕೆ ತುಂಬಾ ಚೆಂದ ಕೂತಿತು. ಇನ್ನೊಂದು ಸಲ ಮಾಡಬೇಕು.

ದುಡ್ಡಿನ ವಿಷಯ. ಸಂಬಳ ಪೂರ್ತಿ ಮನೆಗೆ. ಟಿಪ್ಸ್ ಮಾತ್ರ ಲಿನೋಗೆ. ಸೀಸನ್ನಿನಲ್ಲಿ ನನ್ನ ಪಾಲು ತಿಂಗಳಿಗೆ ನಾಲ್ಕೈದು ಸಾವಿರ, ಮಳೆಗಾಲದಲ್ಲಿ ಎಂಟುನೂರು ಬಂದರೆ ಹೆಚ್ಚು. ಹಾಗಾಗಿ ಸೀಸನ್ನಿನಲ್ಲೇ ಕಾಗದ, ಶಾಯಿ ಕೊಂಡಿಡುತ್ತೇನೆ. ಮೊದಲು ಒಂದು ಅಚ್ಚಿಗೆ 300 ರೂಪಾಯಿ ಕೇಳುತ್ತಿದ್ದೆ, ಯಾರೂ ತಿರುಗಿಯೂ ನೋಡಲಿಲ್ಲ. ಅದೇ ಚಿತ್ರವನ್ನು 20 ಪ್ರತಿಗೆ ನಿಲ್ಲಿಸಿ, ನಂಬರ್ ಬರೆದು, ಸಹಿ ಹಾಕಿ 1,200 ಅಂದೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದಾಗ ಒಂದೇ ದಿನ ಹದಿನೇಳು ಹೋದವು. ಅಷ್ಟೊಂದು ಜನರ ನಡುವೆ ಸೀಸನ್ನಿನ ಭಾನುವಾರ ರಜೆ ಕೊಟ್ಟ ಮ್ಯಾನೇಜರ್ ಸರ್ ಅವರನ್ನೇ ನೆನೆದೆ. ಬದಲಿಗೆ ನಾನು ಹೊಸ ವರ್ಷದ ಎರಡು ರಾತ್ರಿ ಡಬಲ್ ಡ್ಯೂಟಿ ಮಾಡಿದ್ದೆ. ಕಾಟೇಜುಗಳ ಚಿತ್ರಕ್ಕೆ ರೆಸಾರ್ಟ್ ಕೊಟ್ಟಿದ್ದು 21,000. ಅರ್ಧ ಮುಂಗಡ ಕೇಳಿ ಪಡೆದೆ. ಸ್ವಂತ ಜಾಗದಲ್ಲೂ ಮುಂಗಡ ಕೇಳಬೇಕು, ಮುಲಾಜು ಬೇಡ.

ಈಗ ಮಂಚದ ಕೆಳಗಿರುವುದು ಮುಳ್ಳಯ್ಯನಗಿರಿಯ ತಿರುವಿನ ದಾರಿ, ಮೂರು ಬಣ್ಣ. ಎರಡು ಬ್ಲಾಕ್ ಮುಗಿದಿವೆ. ಮೂರನೆಯದರಲ್ಲಿ ಮಂಜು ಉಳಿದಿದೆ, ದಿನಾ ಎರಡು ಗಂಟೆಗೆ ಅದನ್ನೇ ಕೆತ್ತುತ್ತಿದ್ದೇನೆ. ಕಾಗದ ತಂದಿಟ್ಟಾಗಿದೆ. ಫೆಬ್ರವರಿಯ ಮೊದಲ ಮಂಗಳವಾರ ರೋಲರ್ ಹಿಡಿಯುತ್ತೇನೆ.