ಮಿಯಾಟಾದ ಸಾಫ್ಟ್ ಟಾಪ್: ನೀವೇ ಹಾಕುತ್ತೀರಾ, ಅಂಗಡಿಗೆ ಕೊಡುತ್ತೀರಾ?

ನಿಮ್ಮದು ಮೊದಲ ತಲೆಮಾರಿನ ಮಜ್ದಾ ಮಿಯಾಟಾ ಕಾರಾದರೆ ಸಾಫ್ಟ್ ಟಾಪ್, ಅಂದರೆ ಬಟ್ಟೆ ಅಥವಾ ವಿನೈಲಿನ ಮಡಚುವ ಚಾವಣಿ, ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಟಾಪನ್ನು ಕೈಯಿಂದಲೇ ಮಡಚುವುದು, ಮೋಟಾರ್ ಗೀಟಾರ್ ಏನೂ ಇಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಒಂದಿಡೀ ವೀಕೆಂಡ್ ಬಿಡುವು ಮಾಡಿಕೊಳ್ಳಿ, ಜೊತೆಗೆ ಇನ್ನೊಬ್ಬರಿರಲಿ.

ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ, 10 ಎಂಎಂ ನಟ್‌ಗಳನ್ನು ಬಿಚ್ಚಿ, ಲೋಹದ ಪಟ್ಟಿಗಳನ್ನು ತೆಗೆಯಿರಿ. ಅಲ್ಲಿರುವ ಪ್ಲಾಸ್ಟಿಕ್ ರೇನ್ ರೈಲ್ (ಮಳೆನೀರನ್ನು ಡ್ರೈನಿಗೆ ಸಾಗಿಸುವ ಪಟ್ಟಿ) ಹಳೆಯದಾದಷ್ಟೂ ಪಟ್ ಅಂತ ಮುರಿಯುತ್ತದೆ, ಮುರಿದರೆ ಮಳೆನೀರು ಡ್ರೈನಿಗೆ ಹೋಗದೆ ನೇರ ಕಾರ್ಪೆಟ್ಟಿಗೇ ಇಳಿಯುತ್ತದೆ, ಹಾಗಾಗಿ ಸುಮ್ನೆ ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ, ಹೊಸ ರೈಲ್ ಸೇರಿಸಿರುವ ಟಾಪನ್ನೇ ತರಿಸಿ. ಡ್ರೈನ್ ತೂತುಗಳನ್ನೂ ಆಗಲೇ ಕ್ಲೀನ್ ಮಾಡಿ. ಟಾಪನ್ನು ಫ್ರೇಮಿಗೆ ಹಿಡಿದಿರುವ ಹಳೇ ರಿವೆಟ್‌ಗಳನ್ನು ಡ್ರಿಲ್ ಮಾಡುವ ಮುಂಚೆ ಎಲ್ಲ ಕಡೆ ಫೋಟೋ ತೆಗೆದುಕೊಳ್ಳಿ. ಹೊಸದು ವಿನೈಲ್ ಆದರೆ ಬಿಸಿಲಲ್ಲಿ ಹರಡಿ, ಮೆತ್ತಗಾದ ಮೇಲೆ ಎಳೆಯಿರಿ. ಗಮ್ ಹಚ್ಚುವ ಮೊದಲು ಒಮ್ಮೆ ಸುಮ್ಮನೆ ಕೂರಿಸಿ ನೋಡಲೇಬೇಕು. ಟಾಪನ್ನು ಮುಂದಿನ ಗಾಜಿನ ಚೌಕಟ್ಟಿಗೆ ಕಚ್ಚಿಸುವ ಲ್ಯಾಚ್ ಶುರುವಿನಲ್ಲಿ ಬಿಗಿಯಾಗಿರುತ್ತದೆ, ಗಾಬರಿ ಬೇಡ.

ಫ್ರೇಮ್ ಬಗ್ಗಿದ್ದರೆ, ಅಥವಾ ನಿಮ್ಮದು ಬೇರೆ ಕಾರಾಗಿ, ಬಟನ್ ಒತ್ತಿದರೆ ತೆರೆಯುವ ಟಾಪ್ ಆದರೆ, ಅಂಗಡಿಗೇ ಕೊಡಿ. ಕೂಲಿ ಜಾಸ್ತಿ, ನಿಜ. ಆಮೇಲೆ ಸೋರಿದರೆ ಪುಕ್ಕಟೆ ಸರಿಮಾಡಿಕೊಡುತ್ತಾರಾ ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ.