ಟ್ರೇಲ್ ಗಾಡಿಯನ್ನು ಆಳ ಹಿಮಕ್ಕೆ ಒಗ್ಗಿಸಿದ್ದು

ಯೂಟಾದ ಕಮಾಸ್ ಊರಿನಿಂದ ಯುಯಿಂಟಾ ಬೆಟ್ಟ ಹತ್ತುವ ಮಿರರ್ ಲೇಕ್ ಹೆದ್ದಾರಿಯ ಮೇಲ್ಭಾಗ ಚಳಿಗಾಲದಲ್ಲಿ ಕಾರುಗಳಿಗೆ ಬಂದ್. ಹಿಮವನ್ನು ಯಂತ್ರದಿಂದ ಸಮ ಮಾಡಿ ಸ್ನೋಮೊಬೈಲ್‌ಗಳಿಗೆ (ಮುಂದೆ ಸ್ಕೀ, ಹಿಂದೆ ರಬ್ಬರ್ ಪಟ್ಟಿಯ ಟ್ರ್ಯಾಕ್ ಇರುವ ಹಿಮದ ಗಾಡಿಗಳಿಗೆ) ಬಿಡುತ್ತಾರೆ. ಆ ದಾರಿಯಲ್ಲಿ ಇಂಥ ಸಮ ದಾರಿಗೆಂದೇ ಮಾಡಿದ ನನ್ನ ಹಳೆಯ 600 ಸಿಸಿ ಟ್ರೇಲ್ ಗಾಡಿಯದ್ದು ಏನೂ ತಕರಾರಿಲ್ಲ. ಪಕ್ಕದ ಪುಡಿ ಹಿಮಕ್ಕೆ ಇಳಿಸಿದರೆ ಮಾತ್ರ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತಿತ್ತು. ಇನ್ನೂರು ಕಿಲೋ ದಾಟಿದ ಗಾಡಿಯನ್ನು ಸೊಂಟದ ಮಟ್ಟದ ಹಿಮದಿಂದ ಎತ್ತುವ ಕೆಲಸ ಶತ್ರುವಿಗೂ ಬೇಡ.

ಗಂಗಾವತಿ ಕಡೆ ಕೆಸರುಗದ್ದೆಗೆ ಇಳಿಸುವ ಮುಂಚೆ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುವುದನ್ನು ನೋಡಿ ಬೆಳೆದವನಿಗೆ ಇಲ್ಲಿನ ಲೆಕ್ಕ ಹೊಸದೇನಲ್ಲ. ಆಳ ಹಿಮಕ್ಕೆಂದೇ ಮಾಡಿದ ಹೊಸ ಮೌಂಟನ್ ಗಾಡಿಗೆ ಸುರಿಯುವಷ್ಟು ದುಡ್ಡಿಲ್ಲ, ಇದ್ದದ್ದನ್ನೇ ಬದಲಿಸೋಣ ಅಂತ ಗ್ಯಾರೇಜಿನಲ್ಲಿ ಹಳೇ ಕಂಬಳಿ ಹಾಸಿ ಗಾಡಿಯನ್ನು ಪಕ್ಕಕ್ಕೆ ಮಲಗಿಸಿದೆ.

136 ಇಂಚಿನ ಟ್ರ್ಯಾಕ್ ತೆಗೆದು 144 ಇಂಚಿನದು ಹಾಕಿದೆ. ಎರಡರ ಪಿಚ್ಚೂ (ಹಲ್ಲು ಕೂರುವ ಅಂತರ) 2.52 ಇಂಚು, ಪಿಚ್ ಬೇರೆಯಾದರೆ ಟ್ರ್ಯಾಕ್ ತಿರುಗಿಸುವ ಚಕ್ರವಾದ ಡ್ರೈವರಿನ ಹಲ್ಲು ಕೂರುವುದಿಲ್ಲ. ಹೆಚ್ಚಾದ ಉದ್ದದಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ ಹಂಚಿಹೋಗುವುದರಿಂದ ಟ್ರ್ಯಾಕ್ ಜಾರುವ ರೈಲುಗಳ ಹಿಂತುದಿಗೆ ನಾಲ್ಕಿಂಚಿಗೂ ಕಡಿಮೆ ಜೋಡಣೆ ಸಾಕಾಯಿತು. ಲಗ್, ಅಂದರೆ ಹಿಮ ಕಚ್ಚುವ ರಬ್ಬರ್ ಉಬ್ಬು, 1.25 ಇಂಚಿನಿಂದ 2 ಇಂಚಿಗೆ ಏರಿತು. ಮೂರಿಂಚಿನದು ಹಾಕು ಎಂದವರೂ ಇದ್ದರು. ಆದರೆ ಪ್ರತಿ ಸಾವಿರ ಅಡಿ ಏರಿದಂತೆ ಎಂಜಿನ್ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹತ್ತು ಸಾವಿರ ಅಡಿಯಲ್ಲಿ ಏದುಸಿರು ಬಿಡುವ 600ಕ್ಕೆ ಅಷ್ಟು ದೊಡ್ಡ ಲಗ್ ತಿರುಗಿಸುವುದೇ ಹೊರೆ.

ಎತ್ತರದ ಲಗ್ ಟ್ರ್ಯಾಕಿನ ಮೇಲೆ ಕವಿದ ಟನಲ್ಲಿನಲ್ಲಿರುವ, ಎಂಜಿನ್ ತಂಪಾಗಿಸುವ ಕೂಲರಿಗೆ ಉಜ್ಜಬಾರದಲ್ಲ, ಅದಕ್ಕೆ ಒಂಬತ್ತು ಹಲ್ಲಿನ ಡ್ರೈವರ್ ತೆಗೆದು ಎಂಟರದ್ದು ಕೂರಿಸಿದೆ. ಹೇಗೂ ಟ್ರ್ಯಾಕ್ ಬದಲಿಸಲು ಚೈನ್‌ಕೇಸ್ ಬಿಚ್ಚಿ, ಎಣ್ಣೆ ಬಸಿದು, ಶಾಫ್ಟ್ ಹೊರಗೆಳೆಯಲೇಬೇಕು. ಹತ್ತು ಮಿಲಿಮೀಟರ್ ಜಾಗ ಸಿಕ್ಕಿತು, ಜೊತೆಗೆ ಗೇರಿಂಗೂ ತಗ್ಗಿತು. ಬೆಟ್ಟಕ್ಕೆ ಬೇಕಾದದ್ದೂ ಅದೇ.

ಟ್ರ್ಯಾಕಿನ ಬಿಗಿ ನೋಡಲು ಕೆಳಭಾಗದ ನಡುವಿಗೆ ಹತ್ತು ಪೌಂಡ್ ತೂಕ ನೇತುಹಾಕಿ ಎಷ್ಟು ಜೋಲುತ್ತದೆಂದು ಅಳೆಯಬೇಕು. ಅಡುಗೆಮನೆಯಿಂದ ಹತ್ತು ಪೌಂಡಿನ ಸೋನಾ ಮಸೂರಿ ಚೀಲ ತಂದು ಕಟ್ಟಿದೆ. ಹೆಂಡತಿ ನೋಡಿ ಏನೂ ಅನ್ನಲಿಲ್ಲ, ಅದೇ ದೊಡ್ಡದು.

ಇಷ್ಟೆಲ್ಲ ಖರ್ಚು ಮಾಡಿದವನೇ ಹೇಳುತ್ತೇನೆ, ಗಾಡಿಯ ಗುಣವನ್ನು ನಿಜವಾಗಿ ಬದಲಿಸಿದ್ದು ಪುಕ್ಕಟೆ ಕೆಲಸ: ಲಿಮಿಟರ್ ಸ್ಟ್ರಾಪ್. ಟ್ರ್ಯಾಕಿನೊಳಗಿನ ರೈಲು, ಸ್ಪ್ರಿಂಗುಗಳ ಚೌಕಟ್ಟಾದ ಸ್ಕಿಡ್ಡಿನ ಮುಂದಿನ ತೋಳು ಎಷ್ಟು ಕೆಳಗಿಳಿಯಬಹುದೆಂದು ಹಿಡಿದಿಡುವ ಪಟ್ಟಿ ಅದು. ಸಡಿಲವಿದ್ದರೆ ಟ್ರ್ಯಾಕಿನ ಮುಂಭಾಗ ಕಡಿದಾಗಿ ನಿಂತು ಹಿಮವನ್ನು ತಳ್ಳುತ್ತದೆ, ಮೂತಿ ಏಳುತ್ತದೆ, ಬಾಲ ಹೂಳುತ್ತದೆ. ಒಂದು ತೂತು ಎಳೆದು ಕಟ್ಟಿ, ನಡುವಿನ ಶಾಕಿನ ಸ್ಪ್ರಿಂಗನ್ನು ಸ್ವಲ್ಪ ಮೆತ್ತಗೆ ಮಾಡಿದೆ. ಹಿಂದಿನ ಟಾರ್ಷನ್ ಸ್ಪ್ರಿಂಗಿನ ಕ್ಯಾಮನ್ನು ಒಂದು ಹೆಜ್ಜೆ ಗಟ್ಟಿ ಮಾಡಿದೆ. ಟ್ರ್ಯಾಕ್ ಈಗ ಓರೆಯಾಗಿ ಹಿಮದ ಮೇಲೇರಿ ಅಲ್ಲೇ ನಿಲ್ಲುತ್ತದೆ. ಇನ್ನೂ ಒಂದು ತೂತು ಎಳೆದು ನೋಡಿದೆ. ಭಾರವೆಲ್ಲ ಸ್ಕೀಗಳ ಮೇಲೆ ಬಿದ್ದು ಹ್ಯಾಂಡಲ್ ತಿರುಗಿಸುವಷ್ಟರಲ್ಲಿ ಭುಜ ಹಿಡಿಯಿತು. ಒಂದೇ ಸಾಕು. ಸ್ಟ್ರಾಪ್ ಮುಟ್ಟಿದಾಗಲೆಲ್ಲ ಅಕ್ಕಿ ಚೀಲ ಮತ್ತೆ ಹೊರಗೆ ಬರಬೇಕು, ಬಿಗಿ ಬದಲಾಗಿರುತ್ತದೆ.

ಮುಂದುಗಡೆ ಅಗಲದ ಸ್ಕೀ ಹಾಕಿ, ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸ್ವೇ ಬಾರ್ ಕಳಚಿದೆ. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಗಾಡಿ ಈಗ ಬೆಟ್ಟದ ಕಡೆಗೆ ಸಲೀಸಾಗಿ ವಾಲುತ್ತದೆ. ಸಮ ದಾರಿಯ ತಿರುವಿನಲ್ಲಿ ಹೊರಕ್ಕೂ ವಾಲುತ್ತದೆ, ಅಲ್ಲಿ ನಿಧಾನ. ಮೊದಲು ಕಾಲಿಡಲಾಗದ ಕಡಿದಾದ ಇಳಿಜಾರುಗಳೂ ಈಗ ಎಟಕುವುದರಿಂದ ಯೂಟಾ ಅವಲಾಂಚ್ ಸೆಂಟರಿನ ಅಂದಿನ ಹಿಮಕುಸಿತದ ಮುನ್ಸೂಚನೆ ಓದದೆ, ಹಿಮದಲ್ಲಿ ಹೂತವರನ್ನು ಪತ್ತೆಮಾಡುವ ಬೀಕನ್ ಮೈಮೇಲೆ ಇಲ್ಲದೆ ಹೊರಡುವುದಿಲ್ಲ.

ಗಟ್ಟಿ ದಾರಿಯಲ್ಲಿ ರೈಲಿನಡಿಯ ಹೈಫ್ಯಾಕ್ಸ್ ಪಟ್ಟಿಗೂ ಕೂಲರಿಗೂ ಹಿಮ ಸಾಲದೆ ಬಿಸಿಯಾಗುತ್ತದೆ. ದಾರಿ ಕೆರೆದು ಹಿಮಪುಡಿ ಎರಚುವ ಸ್ಕ್ರ್ಯಾಚರ್ ಹಾಕಿದ ಮೇಲೆ ಆ ಚಿಂತೆ ಕಡಿಮೆ. ಡ್ರೈವರ್ ಚಿಕ್ಕದಾದದ್ದರಿಂದ ಮೀಟರ್ 45 ಮೈಲಿ ತೋರಿಸುವಾಗ ಗಾಡಿ ಓಡುವುದು 40ರಲ್ಲಿ. ಅದನ್ನು ಸರಿಪಡಿಸುವ ಗೋಜಿಗೆ ಹೋಗಿಲ್ಲ.